ಒಗೆದ ಚೀಲದ ಹೊಲಿಗೆ

ಟೇಲರಮ್ಮನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಆದರೆ ಅವರ ಬಾಯಿಂದ ಸುಳ್ಳು ಬಂದದ್ದನ್ನು ಕೇಳಿದವರೂ ಯಾರೂ ಇರಲಿಲ್ಲ. ತಂದ ಬಟ್ಟೆ ಸಾಲದಿದ್ದರೆ ಸಾಲದು ಎನ್ನುವರು. ಬಣ್ಣ ಒಪ್ಪದಿದ್ದರೆ ಗಿರಾಕಿಯ ಮುಖಕ್ಕೇ ಹೇಳುವರು. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಮಾಡಿದ ಅಡಿಗೆಯನ್ನು ಬಾಯಿಗಿಟ್ಟು, "ಉಪ್ಪಿಗೂ ನಿನಗೂ ಮಾತಿಲ್ಲವೇನಮ್ಮ?" ಎಂದು ಕೇಳಿದ್ದರು. ಅಂದು ಸೊಸೆ ಬಾಗಿಲು ಹಾಕಿಕೊಂಡು ಅತ್ತಿದ್ದಳು. ವರ್ಷಗಳು ಕಳೆದ ಮೇಲೆ, ಈ ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ನಂಬಬಹುದಾದ ಮಾತು ಯಾರದಾದರೂ ಇದ್ದರೆ ಅದು ಅತ್ತೆಯದೇ ಎಂದು ಅವಳಿಗೆ ಅರ್ಥವಾಗಿತ್ತು.

ಅಂಥ ಅತ್ತೆ ಸುಳ್ಳು ಹೇಳುತ್ತಿದ್ದಾರೆ ಎಂದು ಡಾಕ್ಟರು ಹೇಳಿದರು. ಅದೂ ಎದುರಿಗೇ.

ಟೇಲರಮ್ಮನ ಕಾಲು ಊದಿಕೊಂಡಿತ್ತು, ನಾಲ್ಕು ಹೆಜ್ಜೆಗೆ ಉಬ್ಬಸ ಬರುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡ ಸೋತಿರುವುದು ಕಂಡಿತು. ಯಾವ ನೋವಿನ ಮಾತ್ರೆ ತೆಗೆದುಕೊಳ್ಳುತ್ತೀರಿ, ಎಷ್ಟು ದಿನದಿಂದ ಎಂದು ಡಾಕ್ಟರು ವಿಚಾರಿಸಿದರು. ನೋವಿನ ಮಾತ್ರೆಯನ್ನು ಜನ್ಮದಲ್ಲಿ ಮುಟ್ಟಿದವಳಲ್ಲ ಎಂದರು ಟೇಲರಮ್ಮ. ಡಾಕ್ಟರು ಅವರನ್ನು ಬಿಟ್ಟು ಮಗನ ಕಡೆ ತಿರುಗಿ ನಕ್ಕರು.

"ವಯಸ್ಸಾದೋರು ಹೀಗೇ. ಮಕ್ಕಳು ಬೈತಾರೆ ಅಂತ ಬಚ್ಚಿಡ್ತಾರೆ. ಮನೇಲಿ ದಿಂಬಿನ ಕೆಳಗೆ ಹುಡುಕಿ ನೋಡಿ."

ಮಗ ಡ್ರಾಯಿಂಗ್ ಮೇಷ್ಟ್ರು, ಮೆತ್ತನೆಯ ಮನುಷ್ಯ. ಗೋಡೆಯ ಮೇಲಿನ ಹೃದಯದ ಚಿತ್ರವನ್ನು ನೋಡುತ್ತ ಕುಳಿತ. ಮನೆಗೆ ಬರುವವರೆಗೆ ಟೇಲರಮ್ಮ ತುಟಿ ಬಿಚ್ಚಲಿಲ್ಲ. ಅವರು ಬೈದರೆ ಮನೆಯವರಿಗೆ ಅಭ್ಯಾಸವಿತ್ತು, ಸುಮ್ಮನಾದರೆ ಕೈಕಾಲು ಆಡುತ್ತಿರಲಿಲ್ಲ. ಮನೆಗೆ ಬಂದವರೇ ತಮ್ಮ ಕೋಣೆಗೆ ಹೋಗಿ ದಿಂಬು ಕಿತ್ತು ನೆಲಕ್ಕೆ ಹಾಕಿದರು, ಹಾಸಿಗೆ ಮಗುಚಿದರು, ಹೊಲಿಗೆ ಯಂತ್ರದ ಡ್ರಾಯರು ಎಳೆದು ತೆಗೆದರು. ಆಮೇಲೆ ಮಂಚದ ಅಂಚಿಗೆ ಕುಳಿತು, ಏದುಸಿರು ಬಿಡುತ್ತ ಮಗನಿಗೆ ಹೇಳಿದರು:

"ಹುಡುಕು."

ಮಗ ತಲೆ ತಗ್ಗಿಸಿ ನಿಂತ. ಸೊಸೆ ಒಂದೊಂದಾಗಿ ದಿಂಬು ಎತ್ತಿಟ್ಟಳು. ಅತ್ತೆಯ ಕಣ್ಣಲ್ಲಿ ನೀರು ನಿಂತಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ನೋಡಿ ಅವಳ ಮೈಯೆಲ್ಲ ಉರಿಯಿತು. ಆ ಉರಿ ಅಂದು ಹತ್ತಿದ್ದು, ಮುಂದೆ ಬಹಳ ಕಾಲ ಆರಲಿಲ್ಲ.

ಇಲ್ಲದಂತೆ ಕಾಣುವುದನ್ನು ಹುಡುಕುವುದೇ ಅವಳ ಕೆಲಸ. ನಗರದ ನೀರು ಸರಬರಾಜಿನ ಪ್ರಯೋಗಾಲಯದಲ್ಲಿ ಅವಳು ರಸಾಯನಶಾಸ್ತ್ರಜ್ಞೆ. ಹೊಲಗಳಿಂದ ಹರಿದು ಬಂದ ಕೀಟನಾಶಕ, ಕಾರ್ಖಾನೆಗಳು ಬಿಟ್ಟ ದ್ರಾವಕ, ಹೀಗೆ ದೊಡ್ಡ ಕೆರೆಯಲ್ಲಿ ಒಂದು ಚಮಚ ಕದಡಿದ್ದರೂ ಹಿಡಿಯಬಲ್ಲ ಉಪಕರಣ ಅವಳ ಮೇಜಿನ ಮೇಲಿತ್ತು. ಊರಿನ ನೀರನ್ನೆಲ್ಲ ಸೋಸಿ ನೋಡುವವಳ ಮನೆಯೊಳಗೇ ಏನೋ ನುಸುಳಿ ಅತ್ತೆಯ ಮೂತ್ರಪಿಂಡ ತಿಂದಿತ್ತು. ದೀಪದ ಬುಡದಲ್ಲೇ ಕತ್ತಲು.

ಅವಳು ಅತ್ತೆಯ ಪಕ್ಕದಲ್ಲಿ ಕುಳಿತು ಬೆಳಗಿನಿಂದ ರಾತ್ರಿಯವರೆಗೆ ಬಾಯಿಗೆ ಹೋಗುವುದನ್ನೆಲ್ಲ ಕೇಳುತ್ತ ಹೋದಳು. ಊಟ, ಟೀ, ಹಲ್ಲುಜ್ಜುವ ಪುಡಿ ಎಲ್ಲ ಆಯಿತು. ಕೊನೆಗೆ ಟೇಲರಮ್ಮ, ಬೇರಿನಯ್ಯನ ಪುಡಿ ಬಿಟ್ಟರೆ ಮತ್ತೇನಿದೆ, ಅದೇನು ಔಷಧಿಯೇ, ಬರೀ ಬೇರು ತಾನೆ ಎಂದರು.

ಬೇರಿನಯ್ಯನ ಅಂಗಡಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿತ್ತು. ಬಾಗಿಲ ಮೇಲೆ ಹಸಿರು ಬೋರ್ಡು: "ಬೇರು, ತೊಗಟೆ, ಎಲೆ. ಬೇರೇನೂ ಇಲ್ಲ." ವರ್ಷಗಟ್ಟಲೆ ಹೊಲಿಗೆ ಯಂತ್ರ ತುಳಿದು ಟೇಲರಮ್ಮನ ಮಂಡಿಗಳು ತುಕ್ಕು ಹಿಡಿದ ಬಾಗಿಲಿನಂತಾಗಿದ್ದವು. ಶಾಲೆಯಲ್ಲಿ ಯಾರೋ ಹೇಳಿದರೆಂದು ಮಗನೇ ಅಲ್ಲಿಂದ ಪುಡಿ ತಂದುಕೊಟ್ಟಿದ್ದ. ಚಿಕ್ಕ ಬಟ್ಟೆಯ ಚೀಲ, ಕಂದು ಬಣ್ಣದ ಪುಡಿ, ಹೊತ್ತಿಗೊಂದು ಚಮಚ. ವಾರ ಕಳೆಯುವುದರೊಳಗೆ ಟೇಲರಮ್ಮ ಮಹಡಿ ಹತ್ತಿದರು. ಹತ್ತಿ ಸುಮ್ಮನಿರಲಿಲ್ಲ, ಬೀದಿಗೆಲ್ಲ ಸಾರಿದರು. ಟೇಲರಮ್ಮ ಚೆನ್ನಾಗಿದೆ ಅಂದರೆ ಚೆನ್ನಾಗಿಯೇ ಇರಬೇಕು ಎಂದು ಅರ್ಧ ಬೀದಿ ಬೇರಿನಯ್ಯನ ಗಿರಾಕಿಯಾಯಿತು.

ಸೊಸೆಗೆ ಅನುಮಾನ ಗಟ್ಟಿಯಾಯಿತು. ಎಂಥ ಬೇರಾದರೂ ಮಂಡಿನೋವನ್ನು ಹಾಗೆ ಕೈಯಲ್ಲಿ ತೆಗೆದಂತೆ ತೆಗೆಯುವುದಿಲ್ಲ. ಮನೆಯಲ್ಲಿದ್ದ ಪುಡಿ ಮುಗಿದಿದ್ದರಿಂದ ಗಂಡನನ್ನು ಹೊಸ ಚೀಲ ತರಲು ಕಳುಹಿಸಿದಳು. ಅವನು ಸಂಜೆ ಚೀಲ ಹಿಡಿದು ನಿರಾಳವಾದ ಮುಖದಲ್ಲಿ ಬಂದ.

"ಸುಮ್ಮನೆ ಯಾಕೆ ಅನುಮಾನ ಅಂತ ಅವರನ್ನೇ ಕೇಳಿಬಿಟ್ಟೆ. ಇದರಲ್ಲಿ ಮಾತ್ರೆ ಗೀತ್ರೆ ಏನಾದ್ರೂ ಬೆರೆಸ್ತೀರಾ, ನನ್ನ ಹೆಂಡತಿ ಪರೀಕ್ಷೆ ಮಾಡೋಳಿದಾಳೆ ಅಂತ. ಆಣೆ ಮಾಡಿ ಹೇಳಿದ್ರು, ಏನೂ ಇಲ್ಲ ಅಂತ."

ಸೊಸೆ ಹಣೆ ಚಚ್ಚಿಕೊಂಡಳು. ಕಳ್ಳನ ಮನೆಗೇ ಹೋಗಿ, ನಾಳೆ ಪೊಲೀಸರು ಬರುತ್ತಾರೆ, ನೀನು ಕದ್ದಿಲ್ಲ ತಾನೆ ಎಂದು ಕೇಳಿ ಬಂದಂತಾಗಿತ್ತು. ರೀ, ನಿಮ್ಮನ್ನು ಕಟ್ಟಿಕೊಂಡು ನಾನೇನು ಮಾಡಲಿ ಎಂದಷ್ಟೇ ಹೇಳಿ ಒಳಗೆ ಹೋದಳು.

ಪ್ರಯೋಗಾಲಯದ ಮುಖ್ಯಸ್ಥರು ಹಗ್ಗ ಕಂಡರೆ ಹಾವೆಂದು ಹಾರುವ ಜಾತಿ. ಇದು ನೀರಿನ ಪ್ರಯೋಗಾಲಯ, ನಿಮ್ಮ ಮನೆಯ ಅಡಿಗೆಮನೆಯಲ್ಲ ಎಂದರು. ಆಮೇಲೆ ಅವಳ ಮುಖ ನೋಡಿ, ಕೆಲಸದ ಹೊತ್ತು ಮುಗಿದ ಮೇಲೆ ಏನಾದರೂ ಮಾಡಿಕೊಳ್ಳಿ, ನನ್ನ ಮೊಹರು ಮಾತ್ರ ಕೇಳಬೇಡಿ ಎಂದು ಬಿಟ್ಟುಕೊಟ್ಟರು.

ಉಪಕರಣ ನೋಡುವುದಕ್ಕೆ ದೊಡ್ಡದೇನಲ್ಲ. ಅಂಗೈಯಲ್ಲಿ ಹಿಡಿಸುವ ಗಾಜಿನ ಬಟ್ಟಲು. ಅದರ ದ್ರಾವಣದಲ್ಲಿ ಅದ್ದಿದ ಮೂರು ಕಡ್ಡಿಗಳು. ಮುಖ್ಯವಾದ ಕಡ್ಡಿಯ ತುದಿಯಲ್ಲಿ ಇಂಗಾಲದ ಪುಟ್ಟ ಬಿಲ್ಲೆ, ಕನ್ನಡಿಯಂತೆ ಹೊಳೆಯುವ ಕಪ್ಪು. ಪ್ರತಿ ಸಲವೂ ಅದನ್ನು ಒದ್ದೆ ಬಟ್ಟೆಯ ಮೇಲೆ ಬಿಳಿ ಪುಡಿ ಹಾಕಿ, ಎಂಟರ ಆಕಾರದಲ್ಲಿ ತಿರುಗಿಸುತ್ತ ತಿಕ್ಕಿ ಹೊಳಪು ಮಾಡಬೇಕು. ಆಮೇಲೆ ಕಡ್ಡಿಗೆ ಕೊಡುವ ವಿದ್ಯುತ್ತಿನ ಒತ್ತಡವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗುವುದು. ಪ್ರತಿಯೊಂದು ಪದಾರ್ಥಕ್ಕೂ ತಾಳ್ಮೆಯ ಒಂದು ಮಿತಿ ಇರುತ್ತದೆ. ಆ ಮಿತಿಗೆ ಬಂದ ಕೂಡಲೇ ಅದು ತನ್ನಲ್ಲಿರುವ ಎಲೆಕ್ಟ್ರಾನನ್ನು ಕಡ್ಡಿಗೆ ಒಪ್ಪಿಸಿಬಿಡುತ್ತದೆ. ಆಗ ಪರದೆಯ ಮೇಲೆ ಸಪಾಟಾಗಿ ಸಾಗುತ್ತಿದ್ದ ಗೆರೆ ಪುಟ್ಟ ಗುಡ್ಡದ ಹಾಗೆ ಗುಬ್ಬವಾಗಿ ಏಳುತ್ತದೆ. ಗುಬ್ಬ ಎಲ್ಲಿ ಎದ್ದಿತು ಎಂಬುದರಿಂದ ಅದು ಯಾರು ಎಂದು ಊಹಿಸಬಹುದು. ಎಷ್ಟು ಎತ್ತರ ಎದ್ದಿತು ಎಂಬುದರಿಂದ ಎಷ್ಟಿದೆ ಎಂದು ಲೆಕ್ಕ ಹಾಕಬಹುದು.

ಹೊಸ ಚೀಲದ ಪುಡಿಯನ್ನು ನೋಡಿದಳು. ತೊಗಟೆಗಳಲ್ಲಿರುವ ಒಗರಿನ ಅಂಶಗಳು ಮೊದಮೊದಲಿಗೇ ಅಗಲವಾಗಿ, ಸೋಮಾರಿಗಳಂತೆ ಎದ್ದು ಮಲಗಿದವು. ಅದರಾಚೆಗೆ ಗೆರೆ ಸಪಾಟು. ನೋವಿನ ಮಾತ್ರೆ ಇದ್ದಿದ್ದರೆ ಏಳಬೇಕಾದ ಜಾಗದಲ್ಲಿ ಏನೂ ಏಳಲಿಲ್ಲ. ಬೇರು, ತೊಗಟೆ, ಎಲೆ. ಬೇರೇನೂ ಇಲ್ಲ.

ಮುಖ್ಯಸ್ಥರು ಬೆನ್ನ ಹಿಂದೆ ನಿಂತು ನೋಡಿ, ಸಾಕಲ್ಲ ಇನ್ನು, ಬಿಟ್ಟುಬಿಡಿ ಎಂದರು. ಅವಳು ಹಲ್ಲು ಕಚ್ಚಿಕೊಂಡು ಬಟ್ಟಲು ತೊಳೆದಳು. ಗಂಡನ ಮೇಲೆ ಸಿಟ್ಟು, ತನ್ನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, ಈಗ ಆ ಡಾಕ್ಟರ ಮಾತೇ ನಿಜವಾಗಿ ಉಳಿದುಬಿಡುತ್ತದಲ್ಲ ಎಂಬ ಸಂಕಟ.

ಮನೆಗೆ ಬಂದು ನೋಡಿದರೆ ಟೇಲರಮ್ಮ ಊದಿದ ಕಾಲು ಸ್ಟೂಲಿನ ಮೇಲೆ ಚಾಚಿಕೊಂಡು ಗುಂಡಿಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತ ಕುಳಿತಿದ್ದರು. ಕೈ ಸುಮ್ಮನಿದ್ದರೆ ಅವರಿಗೆ ಪ್ರಾಣ ಹೋದಂತೆ. ಬಿಳಿ ಗುಂಡಿಗಳು ಒಂದು ಚೀಲಕ್ಕೆ, ಕಪ್ಪು ಇನ್ನೊಂದಕ್ಕೆ. ಚೀಲಗಳನ್ನು ಸೊಸೆ ಗುರುತು ಹಿಡಿದಳು. ಬೇರಿನಯ್ಯನ ಹಳೆಯ ಚೀಲಗಳು.

ಒಳ್ಳೆಯ ಬಟ್ಟೆ, ಬಿಸಾಡುವುದು ಯಾಕೆ ಎಂದು ಒಗೆದು ಇಟ್ಟುಕೊಂಡೆ ಎಂದರು ಟೇಲರಮ್ಮ. ಎಷ್ಟು ಸಲ ಒಗೆದಿರಿ ಎಂದು ಸೊಸೆ ಕೇಳಿದಳು. ಒಂದೇ ಸಲ, ಸೋಪು ಹಾಕಿ. ಸೊಸೆ ಚೀಲವನ್ನು ಬೆಳಕಿಗೆ ಹಿಡಿದಳು. ಅಂಚು ಮಡಚಿ ಎರಡು ಸಾಲು ಒತ್ತೊತ್ತಾಗಿ ಹೊಲಿದಿದ್ದರು.

"ಅತ್ತೆ, ಈ ಹೊಲಿಗೆ ಬಿಚ್ಚಿ ಕೊಡ್ತೀರಾ? ಹರೀದ ಹಾಗೆ."

ಟೇಲರಮ್ಮ ಕನ್ನಡಕ ಏರಿಸಿ, ಬ್ಲೇಡಿನ ಮೂಲೆಯಿಂದ ಒಂದೊಂದೇ ನೂಲು ಎಬ್ಬಿಸಿದರು. ಮಡಿಕೆ ತೆರೆದಾಗ ಒಳಗೆ, ಉಗುರಿನ ಅಂಚಿನಷ್ಟು ತೆಳ್ಳಗೆ, ಮಾಸಿದ ಕಂದು ಗೆರೆ ಕಂಡಿತು. ಇಷ್ಟರಲ್ಲಿ ಏನು ಸಿಗುತ್ತದೆ ನಿನಗೆ ಎಂದು ಅತ್ತೆ ಕೇಳಿದರು. ಇದಕ್ಕಿಂತ ಕಡಿಮೆಯಲ್ಲಿ ಹುಡುಕುವುದೇ ತನ್ನ ಕೆಲಸ ಎಂದಳು ಸೊಸೆ.

ಮಾರನೆಯ ಸಂಜೆ ಆ ಬಟ್ಟೆಯ ಪಟ್ಟಿಯನ್ನು ದ್ರಾವಕದಲ್ಲಿ ನೆನೆಸಿ, ಬಂದ ಹನಿಗಳನ್ನು ಬಟ್ಟಲಿಗೆ ಹಾಕಿದಳು. ಇಷ್ಟು ಅಲ್ಪ ಇದ್ದಾಗ ಅವಸರ ಮಾಡಬಾರದು. ಮೊದಲು ಕಡ್ಡಿಯನ್ನು ಸುಮ್ಮನೆ ದ್ರಾವಣದಲ್ಲಿ ಬಿಟ್ಟು, ನಿಧಾನವಾಗಿ ಕದಡುತ್ತ ಕಾಯಬೇಕು. ಅಲ್ಲೊಂದು ಇಲ್ಲೊಂದು ಅಲೆಯುತ್ತಿರುವ ಕಣಗಳು ಇಂಗಾಲದ ಮೈಗೆ ಬಂದು ಅಂಟಿಕೊಂಡು ಗುಂಪು ಕೂಡಬೇಕು. ಆಮೇಲೆ ಒಂದೇ ಏರಿಕೆಯಲ್ಲಿ ಎಲ್ಲರನ್ನೂ ಮಾತಾಡಿಸಬೇಕು.

ಗೆರೆ ಹೊರಟಿತು. ಒಗರಿನ ಗುಬ್ಬಗಳು ಈ ಸಲ ಇದ್ದೂ ಇಲ್ಲದಷ್ಟು ಸಣ್ಣಗೆ ಎದ್ದು ಮಲಗಿದವು. ಗೆರೆ ಸಪಾಟಾಯಿತು. ಮುಂದೆ ಸಾಗಿತು. ಆಮೇಲೆ, ನಿನ್ನೆ ಏನೂ ಏಳದಿದ್ದ ಜಾಗದಲ್ಲಿ, ಚೂಪಾಗಿ ಒಂದು ಗುಬ್ಬ ಎದ್ದು ನಿಂತಿತು.

ಅವಳು ಕುಣಿಯಲಿಲ್ಲ. ಸೋಪಿನದೇ ಇರಬಹುದೇ ಎಂದು ಸೋಪಿನ ನೀರು ನೋಡಿದಳು, ಇಲ್ಲ. ಬಟ್ಟೆಯದೇ ಇರಬಹುದೇ ಎಂದು ಹೊಸ ಚೀಲದ ಅಂಚನ್ನು ಅದೇ ಸೋಪಿನಲ್ಲಿ ಒಗೆದು ನೋಡಿದಳು, ಇಲ್ಲ. ಕೊನೆಗೆ ಔಷಧಿ ಅಂಗಡಿಯಲ್ಲಿ ಚೀಟಿ ತೋರಿಸಿ ಕೊಳ್ಳುವ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯ ಶುದ್ಧ ರೂಪವನ್ನು ಅದೇ ಬಟ್ಟಲಿಗೆ ಹನಿ ಹನಿಯಾಗಿ ಸೇರಿಸಿದಳು. ಬೇರೆ ಪದಾರ್ಥವಾಗಿದ್ದರೆ ಪಕ್ಕದಲ್ಲೋ ಹೆಗಲ ಮೇಲೋ ಎರಡನೆಯ ಗುಬ್ಬ ಏಳಬೇಕಿತ್ತು. ಏಳಲಿಲ್ಲ. ಇದ್ದ ಗುಬ್ಬವೇ, ಇದ್ದ ಜಾಗದಲ್ಲೇ, ಹನಿಗೊಂದು ಮೆಟ್ಟಿಲಿನಂತೆ ಬೆಳೆಯಿತು. ಮುಖ್ಯಸ್ಥರನ್ನು ಕರೆದು ತೋರಿಸಿದಳು. ಅವರು ಪರದೆಯ ಹತ್ತಿರ ಬಗ್ಗಿ ನೋಡಿ, ನಮ್ಮತ್ತಿಗೆಯೂ ಅವನ ಹತ್ತಿರವೇ ಹೋಗುತ್ತಾರೆ ಎಂದು ಮೆಲ್ಲಗೆ ಹೇಳಿದರು.

ಸುದ್ದಿ ಕೇಳಿ ಟೇಲರಮ್ಮ ಮೊದಲು ಮಾಡಿದ ಕೆಲಸವೆಂದರೆ ಡಾಕ್ಟರ ಬಳಿಗೆ ಹೋಗಿದ್ದು. ಸೊಸೆ ಎಲ್ಲವನ್ನೂ ಹೇಳಿದಳು. ಡಾಕ್ಟರು, ಓ ಹಾಗಾ, ಸರಿ, ಆ ಪುಡಿ ನಿಲ್ಲಿಸಿ ಎಂದು ಬರೆಯತೊಡಗಿದರು. ಚೀಟಿ ಕೊಟ್ಟರು. ಟೇಲರಮ್ಮ ಏಳಲಿಲ್ಲ. ಇನ್ನೇನು ಎಂಬಂತೆ ಡಾಕ್ಟರು ನೋಡಿದರು. ಹೊರಗೆ ಜನ ಕಾಯುತ್ತಿದ್ದಾರೆ ಎಂದು ನರ್ಸು ಬಂದು ಹೇಳಿದಳು. ಟೇಲರಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಡಾಕ್ಟರ ಮುಖವನ್ನೇ ನೋಡುತ್ತ ಕುಳಿತೇ ಇದ್ದರು. ಕೊನೆಗೆ ಡಾಕ್ಟರಿಗೆ ಅರ್ಥವಾಯಿತು. ಕಿವಿ ಕೆಂಪಾಯಿತು.

"ನಾನು ಹಾಗೆ ಹೇಳಬಾರದಿತ್ತು ಅಮ್ಮ. ತಪ್ಪಾಯ್ತು."

ಸರಿ ಎಂದು ಟೇಲರಮ್ಮ ಎದ್ದರು.

ಡಾಕ್ಟರದು ಒಂದು ಕುರ್ಚಿಯಲ್ಲಿ ಕುಳಿತು ಮುಗಿಸಿದ ಜಗಳ. ಆರೋಗ್ಯ ಕಚೇರಿಯದು ಹಾಗಾಗಲಿಲ್ಲ. ಅಲ್ಲಿನ ಅಧಿಕಾರಿ ಸೊಸೆ ಮುದ್ರಿಸಿ ತಂದ ಗೆರೆಗಳನ್ನು ತಲೆಕೆಳಗಾಗಿ ಹಿಡಿದು ನೋಡಿದರು. ನೀರಿನ ಪ್ರಯೋಗಾಲಯದ ಉಪಕರಣಕ್ಕೆ ಔಷಧಿಯ ವಿಷಯದಲ್ಲಿ ಮಾನ್ಯತೆ ಇಲ್ಲ ಎಂದರು. ಅದೂ ಒಗೆದ ಬಟ್ಟೆಯ ಚೂರು, ಇದನ್ನು ಯಾರು ಒಪ್ಪುತ್ತಾರೆ ಎಂದರು. ಗಿಡದಲ್ಲೇ ಅಂಥದ್ದೊಂದು ಅಂಶ ಇರಬಾರದೇಕೆ ಎಂದೂ ಕೇಳಿದರು. ಗಿಡದ ಗುಬ್ಬ ಎಲ್ಲಿ ಏಳುತ್ತದೆ, ಇದು ಎಲ್ಲಿ ಎದ್ದಿದೆ, ಈ ಔಷಧಿ ಮನುಷ್ಯ ಮಾಡಿದ್ದೇ ಹೊರತು ಯಾವ ಬೇರಿನಲ್ಲೂ ಬೆಳೆಯುವುದಿಲ್ಲ ಎಂದು ಅವಳು ಬಿಡಿಸಿ ಬಿಡಿಸಿ ಹೇಳಿದಳು. ಒಗೆದರೂ ಉಳಿದದ್ದು ಇಷ್ಟಾದರೆ ಒಗೆಯುವ ಮೊದಲು ಎಷ್ಟಿತ್ತು ಯೋಚಿಸಿ ಎಂದಳು. ಬೆಟ್ಟಕ್ಕೆ ಕಲ್ಲು ಹೊತ್ತ ಹಾಗಾಯಿತು. ಅಧಿಕಾರಿ ಕೊನೆಗೆ ಕುರ್ಚಿಗೆ ಒರಗಿ, ಗುಟ್ಟು ಹೇಳುವವರಂತೆ ದನಿ ತಗ್ಗಿಸಿದರು.

"ಮೇಡಂ, ನಿಜ ಹೇಳ್ಬೇಕು ಅಂದ್ರೆ ನಾನೇ ಅವರ ಪುಡಿ ತಗೊಳ್ತೀನಿ. ಸೊಂಟನೋವು ಹೇಳ ಹೆಸರಿಲ್ಲದ ಹಾಗೆ ಹೋಯ್ತು. ಅಂಥ ಮನುಷ್ಯನ ಮೇಲೆ ಹೇಗೆ ಕ್ರಮ ತಗೊಳ್ಳೋದು?"

ಬೇಲಿ ಎದ್ದು ಹೊಲ ಮೇಯುವುದನ್ನು ಸೊಸೆ ಕೇಳಿದ್ದಳು. ಮೇಯುತ್ತ ಮೇಯುತ್ತ, ಪೈರು ಬಹಳ ರುಚಿ ಎಂದು ಹೊಲದವನಿಗೇ ಹೇಳುವ ಬೇಲಿಯನ್ನು ನೋಡಿರಲಿಲ್ಲ. ಅಷ್ಟು ಹೊತ್ತೂ ಪಕ್ಕದಲ್ಲಿ ಕುಳಿತಿದ್ದ ಟೇಲರಮ್ಮ ಮೆಲ್ಲಗೆ ಕೇಳಿದರು:

"ನಿಮಗೆ ಕಾಲು ಊದುತ್ತಾ?"

ಅಧಿಕಾರಿ ಥಟ್ಟನೆ ಕಾಲುಗಳನ್ನು ಮೇಜಿನಡಿ ಒಳಕ್ಕೆ ಎಳೆದುಕೊಂಡರು.

"ಊದುತ್ತೆ ಅಲ್ವಾ? ಸಂಜೆ ಹೊತ್ತು ಚಪ್ಪಲಿ ಬಿಗಿಯಾಗುತ್ತಲ್ಲ? ನನಗೂ ಹಾಗೇ ಶುರುವಾಯ್ತು. ನಿಮ್ಮ ಹತ್ರ ಇರೋ ಪುಡೀನ ಇವಳ ಕೈಗೆ ಕೊಡಿ. ಸುಳ್ಳಾದ್ರೆ ನಾನೇ ಬಂದು ನಿಮ್ಮ ಬೇರಿನಯ್ಯನ ಕಾಲು ಹಿಡೀತೀನಿ."

ಅಧಿಕಾರಿಗೆ ಅದು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಡ್ರಾಯರಿಗೆ ಕೈ ಹಾಕಿ ಅರ್ಧ ಖಾಲಿಯಾದ ಚೀಲ ಹೊರಗೆ ತೆಗೆದರು. ಡ್ರಾಯಿಂಗ್ ಮೇಷ್ಟ್ರು ಹೋಗಿ ಎಚ್ಚರಿಕೆ ಕೊಟ್ಟು ಬರುವುದಕ್ಕೆ ಬಹಳ ಮೊದಲೇ ಕೊಂಡದ್ದು.

ಅಂದು ಸಂಜೆ ಆ ಪುಡಿಯ ಚಿಟಿಕೆಯನ್ನು ಬಟ್ಟಲಿಗೆ ಹಾಕಿದಾಗ ಗೆರೆ ಪರದೆಯ ಮೇಲಂಚನ್ನು ದಾಟಿ ಕಾಣದಾಯಿತು. ನೀರು ಬೆರೆಸಿ ತೆಳುಮಾಡಿದಳು, ಮತ್ತೂ ದಾಟಿತು. ಮತ್ತೆ ಮತ್ತೆ ತೆಳುಮಾಡಿ, ಕೆರೆಯ ನೀರಿನಷ್ಟು ತೆಳುವಾದ ಮೇಲೆ ಗುಬ್ಬ ಪರದೆಯೊಳಗೆ ಕುಳಿತಿತು. ಲೆಕ್ಕ ಹಾಕಿ ನೋಡಿದರೆ, ಚಮಚವೊಂದರಲ್ಲಿ ಡಾಕ್ಟರು ದಿನಕ್ಕೆಲ್ಲ ಕೊಡುವುದಕ್ಕಿಂತ ಹೆಚ್ಚು. ಅತ್ತೆ ಅದನ್ನು ಹೊತ್ತು ಹೊತ್ತಿಗೂ ನುಂಗಿದ್ದರು. ಬೀದಿ ನುಂಗಿತ್ತು. ಹೊಟ್ಟೆ ಸುಡದಂತೆ ಕಾಯುವ ಇನ್ನೊಂದು ಮಾತ್ರೆ ಇಲ್ಲ, ರಕ್ತ ನೋಡುವವರಿಲ್ಲ, ಸಾಕು ನಿಲ್ಲಿಸಿ ಎನ್ನುವವರಿಲ್ಲ. ನದಿಯ ನೀರಿನಲ್ಲಿ ಸಾಸಿವೆಯ ಸಾವಿರದಲ್ಲೊಂದು ಪಾಲು ಹೆಚ್ಚಾದರೆ ಪತ್ರದ ಮೇಲೆ ಪತ್ರ ಬರೆಯುವ ಊರಿನಲ್ಲಿ, ಒಬ್ಬ ಮನುಷ್ಯ ಸೌಟಿನಲ್ಲಿ ಮೊಗೆದು ಮೊಗೆದು ಹಾಕಿದ್ದ.

ಅಧಿಕಾರಿಗೆ ಫೋನು ಮಾಡಿ ಹೇಳಿದಳು. ಆ ಕಡೆಯಿಂದ ಅವರು ಕೇಳಿದ ಪ್ರಶ್ನೆ: "ಹಾಗಾದ್ರೆ ಈಗ ನನ್ನ ಗತಿ ಏನು?"

ಊರಿನ ಗತಿ ಏನು ಎಂದು ಅವರು ಕೇಳಲಿಲ್ಲ. ಅದನ್ನು ಅವಳು ಎಂದೂ ಮರೆಯಲಿಲ್ಲ. ಬೀದಿಯ ಕಾಲು ಊದಿದಾಗ ಕದಲದಿದ್ದ ಕಡತ ಸಾಹೇಬರ ಕಾಲು ಊದಿದ ಕೂಡಲೇ ಓಡಿತು. ಮಾನ್ಯತೆಯಿದ್ದ ಪ್ರಯೋಗಾಲಯಕ್ಕೆ ಪುಡಿ ಹೋಯಿತು, ಅಲ್ಲಿಂದಲೂ ಅದೇ ಉತ್ತರ ಬಂತು, ತನಿಖೆಯವರು ಬೇರಿನಯ್ಯನ ಅಂಗಡಿಗೆ ನುಗ್ಗಿದರು. ಗುರುತು ತೋರಿಸುವುದಕ್ಕೆಂದು ಸೊಸೆಯನ್ನೂ ಕರೆದಿದ್ದರು. ಬೇಡವೆಂದರೂ ಟೇಲರಮ್ಮ ಜೊತೆಗೆ ಬಂದರು.

ಅಂಗಡಿಯ ಮುಂದೆ ಎಂದಿನಂತೆ ಸಾಲಿತ್ತು. ಒಳಗೆ ಬೇರಿನ ಗೋಣಿಗಳು, ತೊಗಟೆಯ ರಾಶಿ, ಒಣಗಿದ ಎಲೆಯ ವಾಸನೆ. ಅವುಗಳ ಹಿಂದೆ ಪರದೆ. ಪರದೆಯ ಹಿಂದಿನ ಕೋಣೆಯಲ್ಲಿ ಹೆಸರಿಲ್ಲದ ತಗಡಿನ ಡಬ್ಬಗಳ ತುಂಬ ಬಿಳಿ ಪುಡಿ. ಡ್ರಾಯಿಂಗ್ ಮೇಷ್ಟ್ರ ಎಚ್ಚರಿಕೆಯ ಬಿಸಿ ಆರಿದ ಮೇಲೆ ಆತ ಮತ್ತೆ ಶುರುಮಾಡಿದ್ದ. ಬಿಳಿ ಪುಡಿ ಬೆರೆಸದೆ ಕೊಟ್ಟಾಗ ಗಿರಾಕಿಗಳು ಗುಣವಿಲ್ಲ ಎಂದು ಬಿಟ್ಟು ಹೋಗತೊಡಗಿದ್ದರಂತೆ.

ಬೇರಿನಯ್ಯ ಓಡಲಿಲ್ಲ, ಅಳಲಿಲ್ಲ. ಬಾಗಿಲಿಗೆ ಬಂದು ಸಾಲಿನವರನ್ನು ಉದ್ದೇಶಿಸಿ, ನಿಮ್ಮ ನೋವು ಹೋಯಿತೋ ಇಲ್ಲವೋ ನೀವೇ ಹೇಳಿ ಎಂದು ಕೇಳಿದ. ಹೋಯಿತು ಎಂದರು ಜನ. ಅವರ ಸಿಟ್ಟೆಲ್ಲ ಸೊಸೆಯ ಮೇಲೆ ತಿರುಗಿತು. ನಾಳೆ ನನ್ನ ಸೊಂಟ ಹಿಡಿದುಕೊಂಡರೆ ನೀನು ಬಂದು ಬಿಡಿಸುತ್ತೀಯಾ ಎಂದು ಒಬ್ಬ ಲಾರಿ ಡ್ರೈವರ್ ಕೇಳಿದ. ಇದೇ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಡಾಕ್ಟರು ರಕ್ತ ನೋಡಿಕೊಂಡು ಕೊಡುತ್ತಾರೆ ಎಂದು ಅವಳು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಯಾರಿಗಾಗಿ ಇಷ್ಟು ಮಾಡಿದೆನೋ ಅವರೇ ಹೀಗಂದರೆ?

ಟೇಲರಮ್ಮ ಬೆಂಚಿನ ಅಂಚು ಹಿಡಿದು ಎದ್ದು ನಿಂತರು. ದನಿ ಏರಿಸಲಿಲ್ಲ. ಅವರು ದನಿ ಏರಿಸದಿದ್ದಾಗ ಜನ ಸುಮ್ಮನಾಗುವುದು ವಾಡಿಕೆ.

"ನೋವು ಹೋಯ್ತು, ನಿಜ. ನಾನು ಇಲ್ಲ ಅನ್ನಲ್ಲ. ಮಾತ್ರೆ ಬೇಕಿದ್ರೆ ನಾನೇ ಡಾಕ್ಟರ ಹತ್ರ ಹೋಗ್ತಿದ್ದೆ, ನುಂಗ್ತಿದ್ದೆ, ಹೆಚ್ಚುಕಮ್ಮಿ ಆದ್ರೆ ಅವರನ್ನ ಕೇಳ್ತಿದ್ದೆ. ನೀನು ಬೇರು ಅಂದೆ. ನಾನು ನಂಬಿದೆ. ನಂಬಿ ಬೀದಿಗೆಲ್ಲ ಹೇಳಿದೆ. ನಾನು ಅಳತೆ ತಪ್ಪಿ ಹೊಲಿದಿದ್ರೆ ಬಿಚ್ಚಿ, ಮತ್ತೆ ಹೊಲಿದು ಕೊಟ್ಟಿದೀನಿ, ಯಾರನ್ನ ಬೇಕಾದ್ರೂ ಕೇಳು. ನನ್ನ ಬಾಯಿಂದ ನೀನು ಆಡಿಸಿದ ಸುಳ್ಳನ್ನ ಈಗ ಹೇಗೆ ಬಿಚ್ಚಲಿ, ಹೇಳು? ಯಾರ್ಯಾರ ಮೈಯೊಳಗೆ ಹೋಗಿ ಕೂತಿದೆಯೋ ಅದು."

ಲಾರಿ ಡ್ರೈವರ್ ತನ್ನ ಚೀಲವನ್ನು ಒಮ್ಮೆ ನೋಡಿ, ಕೌಂಟರಿನ ಮೇಲಿಟ್ಟು ಹೊರಟುಹೋದ. ಸಾಲು ಕರಗಿತು, ಆದರೆ ಕೆಲವರು ಹೋಗುವಾಗಲೂ ಸೊಸೆಯನ್ನು ದುರುಗುಟ್ಟಿಕೊಂಡೇ ಹೋದರು.

ಅಂದಿನಿಂದ ಟೇಲರಮ್ಮ ತಾವು ಹೊಗಳಿದ ಮನೆಗಳಿಗೆಲ್ಲ ಒಂದೊಂದಾಗಿ ಹೋದರು. ಪುಡಿ ನಿಂತು ಮಂಡಿ ಮತ್ತೆ ಹಳೆಯ ಬಾಗಿಲಾಗಿತ್ತು. ಸೊಸೆಯ ತೋಳು ಹಿಡಿದೇ ಹೋದರು. ತಪ್ಪು ತಿಳಿದು ಹೇಳಿದ್ದೆ, ಬಿಟ್ಟುಬಿಡಿ, ರಕ್ತ ತೋರಿಸಿ ಎಂದು ಹೇಳಿ ಬಂದರು. ಒಂದು ಮನೆಯ ಮುಂದೆ ಮಾತ್ರ ಅವರ ಕಾಲು ನಿಂತುಬಿಟ್ಟಿತು. ಆ ಮನೆಯ ಹಿರಿಯರು ಅಂಚೆಯ ಕೆಲಸದಿಂದ ನಿವೃತ್ತರಾಗಿದ್ದವರು. ಟೇಲರಮ್ಮನ ಮಾತಿನ ಮೇಲೆಯೇ ಪುಡಿ ತೆಗೆದುಕೊಂಡಿದ್ದರು. ಕೆಲವು ತಿಂಗಳ ಹಿಂದೆ ರಕ್ತ ವಾಂತಿಯಾಗಿ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಹೋಗಿದ್ದರು. ವಯಸ್ಸಾಗಿತ್ತು ಎಂದು ಎಲ್ಲರೂ ಹೇಳಿದ್ದರು.

ಇಲ್ಲಿ ಹೇಳಲೇಬೇಕೇ ಅತ್ತೆ, ಹೋದವರು ಹೋದರು ಎಂದು ಸೊಸೆ ಪಿಸುಗುಟ್ಟಿದಳು. ಟೇಲರಮ್ಮ ಬಾಗಿಲು ತಟ್ಟಿದರು.

ಅವರ ಹೆಂಡತಿ ಕೊನೆಯವರೆಗೂ ಕೇಳಿಸಿಕೊಂಡರು. ಸೊಸೆ, ಈ ಔಷಧಿ ಹೊಟ್ಟೆಯ ಒಳಮೈಯನ್ನು ಸುಟ್ಟು ರಕ್ತ ಬರಿಸಬಲ್ಲದು ಎಂದಳು. ಅವರ ವಿಷಯದಲ್ಲಿ ಅದೇ ಆಯಿತು ಎಂದು ಈಗ ಯಾರೂ ಹೇಳಲಾರರು ಎಂದೂ ಹೇಳಿದಳು. ಮುದುಕಿ ಟೇಲರಮ್ಮನ ಕಡೆ ತಿರುಗಿದರು.

"ವಯಸ್ಸಾಗಿತ್ತು ಅನ್ನೋ ಮಾತನ್ನ ತಲೆದಿಂಬಿನ ಹಾಗೆ ಇಟ್ಕೊಂಡು ಮಲಗ್ತಿದ್ದೆ ನಾನು. ಅದನ್ನೂ ಕಿತ್ಕೊಂಡ್ಯಲ್ಲೇ."

"ಕಿತ್ಕೊಂಡೆ ಅಕ್ಕಾ," ಎಂದರು ಟೇಲರಮ್ಮ. "ಗೊತ್ತಿದ್ದೂ ಗೊತ್ತಿದ್ದೂ ನಿಮ್ಮ ಹತ್ರ ಸುಳ್ಳು ಬಿಟ್ಟು ಹೋಗೋಕೆ ನನ್ನಿಂದ ಆಗಲಿಲ್ಲ."

"ಹೋಗು ಈಗ."

ಹೊರಗೆ ಬಂದ ಮೇಲೆ ಟೇಲರಮ್ಮ ಬೀದಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಸೊಸೆ ಪಕ್ಕದಲ್ಲಿ ಕುಳಿತಳು. ಬೇರಿನಯ್ಯ ಈ ಹೊತ್ತಿನಲ್ಲಿ ಎಲ್ಲೋ ಹಾಯಾಗಿ ಊಟ ಮಾಡುತ್ತಿರಬಹುದು, ಅವನು ಮಾಡಿದ್ದಕ್ಕೆ ಈ ಇಬ್ಬರು ಮುದುಕಿಯರು ಬಾಗಿಲ ಎರಡು ಬದಿಯಲ್ಲಿ ಬೇಯುತ್ತಿದ್ದಾರಲ್ಲ ಎಂದು ನೆನೆದು ಅವಳು ಉಗುರು ಅಂಗೈಗೆ ಇಳಿಯುವಂತೆ ಮುಷ್ಟಿ ಬಿಗಿದಳು.

ವಿಚಾರಣೆ ಆರೋಗ್ಯ ಕಚೇರಿಯ ಮಹಡಿಯ ಮೇಲೆ ನಡೆಯಿತು. ಬೇರಿನಯ್ಯನ ವಕೀಲರು ಜಾಣರು. ಅಂಚೆಯವರ ಸಾವಿನ ಪ್ರಸ್ತಾಪ ಬಂದಾಗ, ನಿಮ್ಮ ಕಡ್ಡಿ ಅದನ್ನೂ ಹೇಳುತ್ತದೆಯೇ ಎಂದು ಸೊಸೆಯನ್ನು ನಗುನಗುತ್ತ ಕೇಳಿದರು. ಇಲ್ಲ ಎಂದಳು ಅವಳು. ಬಟ್ಟಲಿನಲ್ಲಿ ಏನಿದೆಯೋ ಅಷ್ಟನ್ನೇ ಅದು ಹೇಳುತ್ತದೆ. ಹಾಗೆಂದು ಒಪ್ಪಿಕೊಳ್ಳುವಾಗ ಅವಳಿಗೆ ನಾಲಿಗೆ ಕಹಿಯಾಯಿತು. ಆದರೆ ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳಿದರೆ ಬೇರಿನಯ್ಯನಿಗೂ ತನಗೂ ಏನು ವ್ಯತ್ಯಾಸ?

ಆಗ ಹಿಂದಿನ ಸಾಲಿನಿಂದ ಅಂಚೆಯವರ ಹೆಂಡತಿ ಎದ್ದು ನಿಂತರು. ಅವರು ಬಂದದ್ದನ್ನು ಯಾರೂ ನೋಡಿರಲಿಲ್ಲ.

"ಅದರಿಂದಲೇ ಹೋದರು ಅಂತ ನಾನು ಹೇಳೋಕೆ ಬಂದಿಲ್ಲ. ಅವರು ಏನು ನುಂಗ್ತಿದ್ರು ಅಂತ ಅವರಿಗೇ ಗೊತ್ತಿರಲಿಲ್ಲ. ಊರಿನ ಕಾಗದಾನೆಲ್ಲ ತಪ್ಪದೆ ಮುಟ್ಟಿಸಿದ ಮನುಷ್ಯನಿಗೆ, ತನ್ನ ಹೊಟ್ಟೆಗೆ ಹೋಗಿದ್ದು ಏನು ಅನ್ನೋ ಸುದ್ದಿ ಮುಟ್ಟಲಿಲ್ಲ. ಅಷ್ಟೇ ನಾನು ಹೇಳೋದು."

ಪರವಾನಗಿ ರದ್ದಾಯಿತು, ಅಂಗಡಿಗೆ ಬೀಗ ಬಿತ್ತು, ಮೊಕದ್ದಮೆ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಅದು ಎಷ್ಟು ವರ್ಷ ಎಳೆಯುತ್ತದೋ ಯಾರಿಗೂ ತಿಳಿಯದು. ಬೇರಿನಯ್ಯನ ಭಾಮೈದ ಪಕ್ಕದ ಊರಿನಲ್ಲಿ ಹೊಸ ಬೋರ್ಡು ಹಾಕಿದ್ದಾನೆ ಎಂಬ ಸುದ್ದಿ ವಿಚಾರಣೆ ಮುಗಿಯುವ ಮೊದಲೇ ಬಂದಿತ್ತು. ಅಲ್ಲಿನ ಚೀಲವೊಂದನ್ನು ತರಿಸಲು ಸೊಸೆ ಆಗಲೇ ಹೇಳಿಟ್ಟಿದ್ದಳು. ಈ ಸಲ ಗಂಡನ ಕೈಯಲ್ಲಲ್ಲ. ಟೇಲರಮ್ಮನ ಮೂತ್ರಪಿಂಡ ಅರ್ಧಕ್ಕಿಂತ ಹೆಚ್ಚು ಚೇತರಿಸಿಕೊಂಡಿತ್ತು. ಉಳಿದದ್ದು ಬರುವುದಿಲ್ಲ ಎಂದು ಡಾಕ್ಟರು ಈಗ ಬಹಳ ಮರ್ಯಾದೆಯಿಂದ ಹೇಳುತ್ತಿದ್ದರು.

ವಿಚಾರಣೆ ಮುಗಿದು ಹೊರಗೆ ಬಂದಾಗ ಟೇಲರಮ್ಮ ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗೆ ನೋಡಿದರು. ಕಡಿದಾದ ಮೆಟ್ಟಿಲು, ಹಿಡಿಯಲು ಕಂಬಿಯೂ ಇಲ್ಲ. ಸೊಸೆ ಒಂದು ತೋಳು ಹಿಡಿದಳು. ಇನ್ನೊಂದು ಕಡೆಯಿಂದ ಅಂಚೆಯವರ ಹೆಂಡತಿ ಬಂದು ಇನ್ನೊಂದು ತೋಳಿಗೆ ಕೈ ಕೊಟ್ಟರು. ಮೂವರೂ ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ಅರ್ಧ ಇಳಿದ ಮೇಲೆ ಟೇಲರಮ್ಮ ನಿಂತು ಉಸಿರು ತೆಗೆದುಕೊಂಡು, ಕಾಯಿಲೆಯವರು ದೂರು ಕೊಡಲು ಬರುವ ಕಚೇರಿಯನ್ನು ಮಹಡಿಯ ಮೇಲೆ ಕಟ್ಟಿದ ಪುಣ್ಯಾತ್ಮ ಯಾರು, ಅವನ ಮನೆ ಎಲ್ಲಿದೆ ಎಂದು ಕೇಳಿದರು.